ಅತ್ತೆಯ ಕಿಟಕಿ ಡ್ಯೂಟಿ

ನಮ್ಮ ಅತ್ತೆಗೆ ಈಗ ಎಂಬತ್ತೆರಡು. ಚಾಮರಾಜಪೇಟೆಯ ಈ ಮನೆಗೆ ನಾನು ಸೊಸೆಯಾಗಿ ಬಂದು ಮೂವತ್ತೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ಬೇಸಿಗೆಯ ಒಂದು ದಿನವೂ ಅವರು ಬೆಳಿಗ್ಗೆ ನಾಲ್ಕೂವರೆ ದಾಟಿ ಮಲಗಿದ್ದನ್ನು ನಾನು ಕಂಡಿಲ್ಲ. ಎದ್ದವರು ಮೊದಲು ದೇವರ ಮನೆಗೂ ಹೋಗುವುದಿಲ್ಲ, ಬಚ್ಚಲಿಗೂ ಹೋಗುವುದಿಲ್ಲ. ಹಿತ್ತಲ ಕಡೆಯ ಕೋಣೆಯಿಂದ ಶುರುಮಾಡಿ ಮುಂದಿನ ವರಾಂಡದವರೆಗೆ ಮನೆಯ ಹನ್ನೊಂದು ಕಿಟಕಿಗಳನ್ನೂ ಒಂದೊಂದಾಗಿ ತೆಗೆಯುತ್ತಾರೆ. ಎಂಟೂವರೆಗೆ ಪೂರ್ವದ ಕಿಟಕಿಗಳು ಮುಚ್ಚುತ್ತವೆ, ಒಂಬತ್ತೂವರೆಗೆ ಉಳಿದವು. ಆಮೇಲೆ ಸಂಜೆ ಆರೂವರೆಯವರೆಗೆ ಯಾರೂ ಚಿಲಕ ಮುಟ್ಟುವ ಹಾಗಿಲ್ಲ. ನಾನು ಇದಕ್ಕೆ ಕಿಟಕಿ ಡ್ಯೂಟಿ ಎಂದು ಹೆಸರಿಟ್ಟಿದ್ದೆ. ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ಶಾಖ ಹೇಗೆ ಹರಿಯುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡಿದವಳು. ಬಿಸಿಯಾದ ಗಾಳಿ ಹಗುರವಾಗಿ ಮೇಲಕ್ಕೇರುತ್ತದೆ, ತಂಪು ಗಾಳಿ ಕೆಳಗಿನಿಂದ ಒಳಗೆ ಬರುತ್ತದೆ ಎಂದು ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿ ಹಾಕಿ ನನ್ನ ಕೈ ಸವೆದಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಮಾಡಿದ ಘನಂದಾರಿ ಕೆಲಸ ನಿಮಗೆ ಪೂರ್ತಿ ಅರ್ಥವಾಗಬೇಕು.

ನಮ್ಮದು ಮದ್ರಾಸ್ ತಾರಸಿಯ ಮನೆ. ಸಾಗುವಾನಿ ತೊಲೆಗಳ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಒಂದು ಮೊಳ ದಪ್ಪದ ಗೋಡೆ, ಕೆಂಪು ಗಾರೆಯ ನೆಲ. ಪ್ರತಿ ಕೋಣೆಯಲ್ಲೂ ಸೂರಿನ ಕೆಳಗೆ, ಕೈಗೆಟುಕದ ಎತ್ತರದಲ್ಲಿ, ಎರಡೆರಡು ಕಿಂಡಿಗಳಿವೆ. ಒಂದೊಂದಕ್ಕೂ ಪುಟ್ಟ ಮರದ ಬಾಗಿಲು, ಬಾಗಿಲಿಗೊಂದು ಹಗ್ಗ. ಹಗ್ಗ ಎಳೆದು ಮೊಳೆಗೆ ಸುತ್ತಿದರೆ ಕಿಂಡಿ ಮುಚ್ಚುತ್ತದೆ, ಬಿಟ್ಟರೆ ತೆರೆದುಕೊಳ್ಳುತ್ತದೆ. ಅತ್ತೆ ಬೇಸಿಗೆ ಪೂರ್ತಿ ಹಗಲೂ ರಾತ್ರಿ ಆ ಕಿಂಡಿಗಳನ್ನು ತೆರೆದೇ ಇಡುತ್ತಿದ್ದರು. ಅಲ್ಲಿಂದ ಪಾರಿವಾಳ ಬರುತ್ತಿತ್ತು, ಅಗೆದ ರಸ್ತೆಯ ಧೂಳು ಬರುತ್ತಿತ್ತು. ಗುಡಿಸಿ ಗುಡಿಸಿ ನನಗೆ ಸಾಕಾಗಿ ಹೋಗಿತ್ತು.

ಒಂದು ಸಲ ಅತ್ತೆ ಮೈಸೂರಿನ ಮಗಳ ಮನೆಗೆ ತಿಂಗಳ ಮಟ್ಟಿಗೆ ಹೋದರು. ನಾನು ಅವಕಾಶ ಬಿಡಲಿಲ್ಲ. ಬಡಗಿಯನ್ನು ಕರೆಸಿ ಅಷ್ಟೂ ಕಿಂಡಿಗಳಿಗೆ ಗಾಜು ಕೂರಿಸಿಬಿಟ್ಟೆ. ಹಗ್ಗಗಳನ್ನು ಕಿತ್ತು ಬಿಸಾಕಿದೆ. ಮನೆ ಕನ್ನಡಿಯ ಹಾಗೆ ಹೊಳೆಯಿತು. ಬಾಣದ ಗುರುತು ಹಾಕುತ್ತಿದ್ದ ಟೀಚರಮ್ಮ ಬಾಣ ಹೊರಗೆ ಹೋಗುವ ದಾರಿಯನ್ನೇ ಮುಚ್ಚಿ ಕೂತಿದ್ದಳು. ಅತ್ತೆ ಊರಿಂದ ಬಂದವರು ಹಿಂದಿನ ಕೋಣೆಯಲ್ಲಿ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿದರು. ಜಗಳಕ್ಕೆ ನಾನು ಉತ್ತರ ತಯಾರು ಮಾಡಿಕೊಂಡಿದ್ದೆ. ಅವರು ಏನೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಿಟಕಿ ತೆಗೆದರು, ಅಷ್ಟೆ.

ಹೋದ ವರ್ಷದ ಹಿಂದಿನ ಬೇಸಿಗೆಗೆ ನನ್ನ ಮಗಳಿಗೆ ದಿನ ತುಂಬುವುದಿತ್ತು. ಚೊಚ್ಚಲು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅದಕ್ಕೆಂದೇ ನಾನು ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗಲೇ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಆದರೆ ಅದು ಎಂಥ ಬೇಸಿಗೆ ಅಂತೀರಿ! ಬೆಂಗಳೂರಿನವರು ನೀರಿನ ಟ್ಯಾಂಕರ್ ದಾರಿ ಕಾದ ಬೇಸಿಗೆ. ಊರಿಗೆಲ್ಲ ತಂಪು ಎಂದು ಹೆಸರಾಗಿದ್ದ ಊರು ಬಾಣಲೆಯಾಗಿತ್ತು. ಮಗಳು ಅಳಿಯ ಇರುವುದು ಹನುಮಂತನಗರದ ಫ್ಲಾಟಿನಲ್ಲಿ. ಅಲ್ಲಿ ಎ.ಸಿ. ಇದೆ. ಇಲ್ಲೂ ಒಂದು ಹಾಕಿಸೋಣ ಎಂದು ಅಳಿಯ ಎಲೆಕ್ಟ್ರಿಷಿಯನ್ ಕರೆತಂದರು. ಆತ ನಮ್ಮ ಮನೆಯ ಹಳೇ ವೈರು ನೋಡಿ ಕೈಮುಗಿದ. "ಮೇಡಂ, ಮನೆ ಪೂರ್ತಿ ವೈರಿಂಗ್ ಬದಲಾಯಿಸ್ದೆ ಇದಕ್ಕೆ ಎ.ಸಿ. ಹಾಕಿದ್ರೆ ಪಾಪ ನಂಗೆ ಸುತ್ಕೊಳತ್ತೆ" ಅಂದು ಹೊರಟೇ ಹೋದ. ಹೆರಿಗೆಗೆ ಉಳಿದದ್ದು ಮೂರೇ ವಾರ.

ಅಳಿಯ ಔಷಧಿ ಕಂಪನಿಯೊಂದರಲ್ಲಿ ಗೋದಾಮಿನ ತಾಪಮಾನ ನೋಡಿಕೊಳ್ಳುವವರು. ಮಾತು ಕಮ್ಮಿ, ಅಂಕಿಯೇ ಎಲ್ಲ. ಹಿಂದಿನ ಕೋಣೆಯ ಗೋಡೆಗೆ ಅಂಗೈ ಅಗಲದ ಡಿಜಿಟಲ್ ಥರ್ಮಾಮೀಟರ್ ಒಂದನ್ನು ನೇತುಹಾಕಿದರು. ಅದರಲ್ಲೊಂದು ಗುಂಡಿ. ಒತ್ತಿದರೆ ಆ ದಿನ ಕೋಣೆ ಹೆಚ್ಚೆಂದರೆ ಎಷ್ಟು ಕಾದಿತ್ತು ಎಂದು ತೋರಿಸುತ್ತದೆ. ಮಧ್ಯಾಹ್ನ ಮೂರಕ್ಕೆ ಅದು ಮೂವತ್ತಮೂರೂವರೆ ತೋರಿಸಿತು.

"ಅತ್ತೆ, ಬೇಜಾರ್ ಮಾಡ್ಕೋಬೇಡಿ. ಇಷ್ಟು ಬಿಸೀಲಿ ಎಳೇ ಮಗೂನ ಇಡಕ್ಕಾಗಲ್ಲ" ಅಂದರು ನನಗೆ.

ಮಗಳು ನನ್ನ ಮುಖ ನೋಡಲಿಲ್ಲ. ಅವಳ ಮನಸ್ಸೂ ಅದೇ ಎಂದು ಗೊತ್ತಾಯಿತು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಕೇಳಿದರು.

"ಅದ್ರಲ್ಲಿ ಎಷ್ಟು ಇದ್ರೆ ಬಿಡ್ತೀಯಪ್ಪಾ?"

"ಮೂವತ್ತು ದಾಟಬಾರ್ದು ಅಜ್ಜಿ. ಒಂದಿನ ದಾಟಿದ್ರೂ ನಾನು ಕರ್ಕೊಂಡು ಹೋಗ್ತೀನಿ."

"ಹತ್ತು ದಿನ ಕೊಡು."

ಆ ಹತ್ತು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ನನ್ನ ಮೂವತ್ತು ವರ್ಷದ ಪಾಠವೆಲ್ಲ ಆ ಮುದುಕಿಯ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಓಡಾಡುತ್ತಿತ್ತು. ಮೊದಲು ಬಡಗಿ ಬಂದ, ನಾನು ಕರೆಸಿದ್ದ ಅದೇ ಬಡಗಿ. ಗಾಜು ತೆಗೆದು, ಪಾರಿವಾಳ ನುಗ್ಗದ ಹಾಗೆ ಜಾಲರಿ ಬಡಿದು, ಮತ್ತೆ ಹಗ್ಗ ಕಟ್ಟಿಕೊಟ್ಟ. ಡ್ರಮ್ಮಿನಲ್ಲಿ ಸುಣ್ಣ ಮೂರು ದಿನ ನೆನೆಯಿತು. ಅದಕ್ಕೆ ಗೋಂದು ಬೆರೆಸಿ ನಾನು, ನಮ್ಮವರು ತಾರಸಿಗೆ ಬಳಿದೆವು. ಅತ್ತೆ ಮೆಟ್ಟಿಲ ಮೇಲೆ ಕೂತು, "ಆ ಮೂಲೆ ಬಿಟ್ಟೆ ನೋಡು" ಎಂದು ಅರವತ್ತೆರಡರ ಮಗನನ್ನು ಗದರುತ್ತಿದ್ದರು. ಎರಡನೇ ಪಟ್ಟು ಒಣಗಿದ ಮೇಲೆ ಮಧ್ಯಾಹ್ನದ ಬಿಸಿಲಲ್ಲೂ ತಾರಸಿಯ ಮೇಲೆ ಬರಿಗಾಲಲ್ಲಿ ನಿಲ್ಲಬಹುದಿತ್ತು.

ಕಿಟಕಿಗೆ ನಾನು ಹೊಲಿಸಿದ್ದ ದಪ್ಪ ಪರದೆಗಳನ್ನು ಅವರು ಕಳಚಿ ಮಡಚಿಟ್ಟರು. "ಬಿಸಿಲು ಒಳಗೆ ಬಂದ್ಮೇಲೆ ಪರದೆ ಹಾಕಿ ಏನು ಪ್ರಯೋಜನ? ಬಾಗ್ಲಲ್ಲೇ ತಡೀಬೇಕು" ಎಂದು ಬಿದಿರಿನ ತಟ್ಟಿಗಳನ್ನು ಕಿಟಕಿಯ ಹೊರಗಡೆ ಇಳಿಬಿಡಿಸಿದರು. ಕೋಣೆಯ ಗೋಡೆಗೆ ಆನಿಸಿಟ್ಟಿದ್ದ ಫ್ರಿಜ್ಜು ಅಡಿಗೆಮನೆಯ ಆಚೆ ತುದಿಗೆ ಹೋಯಿತು. ಒಂಬತ್ತರೊಳಗೆ ಅಡಿಗೆ ಮುಗಿಯಬೇಕೆಂದು ಕಟ್ಟಪ್ಪಣೆಯಾಯಿತು. ಹಾಲ್‌ನ ಬಾಗಿಲಿಗೆ ಲಾವಂಚದ ಚಾಪೆ ಬಂತು. ಅದಕ್ಕೆ ಕುಡಿಯುವ ನೀರು ಚಿಮುಕಿಸಲು ಅವರೇನು ದಡ್ಡರೇ? ವಾಷಿಂಗ್ ಮೆಷಿನ್ನಿನ ಕೊನೆಯ ಸಲದ ನೀರನ್ನು ಬಕೆಟ್ಟಿನಲ್ಲಿ ಹಿಡಿಸಿಡುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ನಾನು ನಕ್ಕಿದ್ದು ಟೇಬಲ್ ಫ್ಯಾನಿಗೆ. ಸಂಜೆ ಆರೂವರೆಗೆ ಕಿಟಕಿ ತೆರೆದ ಕೂಡಲೇ ಹಿಂದಿನ ಕೋಣೆಯ ಕಿಟಕಿಯಲ್ಲಿ ಅದನ್ನು ಹಿತ್ತಲ ಕಡೆ ಮುಖ ಮಾಡಿ ಇಡುವುದು ಅವರ ಹಳೇ ಅಭ್ಯಾಸ. ಅದು ಹಿತ್ತಲಿಗೆ ಗಾಳಿ ಬೀಸುತ್ತಿತ್ತು. "ಅಮ್ಮ, ದಾಸವಾಳದ ಗಿಡಕ್ಕೆ ಸೆಖೆಯಾ?" ಎಂದು ಎಷ್ಟೋ ವರ್ಷ ಛೇಡಿಸಿದ್ದೇನೆ. ಈ ಸಲ ಅಳಿಯ ಅದನ್ನು ನೋಡಿ ನಿಂತರು. ಹಾಲ್‌ನ ಬಾಗಿಲಿಗೆ ಹೋಗಿ ಕೈಯೊಡ್ಡಿದರು. ಮುಂದಿನ ವರಾಂಡದಿಂದ ತಂಪು ಗಾಳಿ ಸರಸರ ಒಳಗೆ ಬರುತ್ತಿತ್ತು. "ಅಜ್ಜಿ ಬಿಸಿ ಗಾಳೀನ ಆಚೆ ತಳ್ತಿದಾರೆ ಅತ್ತೆ. ನಮ್ಮ ಗೋದಾಮಲ್ಲಿ ಇದಕ್ಕೇ ದೊಡ್ಡ ಮೆಷಿನ್ ಇದೆ" ಅಂದರು. ನಾನು ಸೀದಾ ಅಡಿಗೆಮನೆಗೆ ಹೋದೆ.

ಥರ್ಮಾಮೀಟರಿನ ಅಂಕಿ ಮೂವತ್ತೆರಡಕ್ಕಿಳಿಯಿತು, ಮೂವತ್ತೊಂದಾಯಿತು. ಒಂಬತ್ತನೇ ದಿನ ಮಧ್ಯಾಹ್ನ ಮೂರಕ್ಕೆ ಇಪ್ಪತ್ತೊಂಬತ್ತೂವರೆ. ಅತ್ತೆ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದರು. ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗಿಯ ಮುಖವಿತ್ತು ಅವರದು. ಆವತ್ತು ನನಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಕಾಫಿ ಮಾಡಿಕೊಟ್ಟೆ.

ಏಪ್ರಿಲ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಹಿಂದಿನ ಕೋಣೆಗೆ ಬಂದರು. ಬಾಣಂತನವೆಂದರೆ ನಮ್ಮ ಹಳಬರಿಗೆ ಬೆಚ್ಚಗಿಡುವುದು. ಕಿಟಕಿ ಹಾಕಬೇಕು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಫ್ಯಾನ್ ಕೂಡದು. ಅತ್ತೆ ಅದಕ್ಕೆ ಹಟ ಹಿಡಿದರೆ ಏನು ಮಾಡುವುದೆಂದು ನನಗೆ ಒಳಗೊಳಗೇ ಭಯವಿತ್ತು. ಅವರು ಸಾರಿಗೆ ಕರಿಮೆಣಸು ಜಾಸ್ತಿ ಹಾಕಿಸಿದರು, ಖಾರ ಉಂಡೆ ತಿನ್ನಿಸಿದರು, ಬಿಸಿನೀರು ಹಾಕಿಸಿದರು. ಕಿಟಕಿಯ ವಿಚಾರಕ್ಕೆ ಮಾತ್ರ ಬರಲಿಲ್ಲ. ನಾಲ್ಕೂವರೆಗೆ ಬಂದು ಸದ್ದಾಗದ ಹಾಗೆ ತೆಗೆಯುವರು. ಅಳಿಯ ದಿನಾ ಸಂಜೆ ಆಫೀಸಿನಿಂದ ಬಂದು, ಮಗುವಿನ ಮುಖ ನೋಡುವ ಮೊದಲೇ ಗುಂಡಿ ಒತ್ತುವರು. ಇಪ್ಪತ್ತೊಂಬತ್ತೂವರೆ, ಇಪ್ಪತ್ತೊಂಬತ್ತು ಮುಕ್ಕಾಲು. ಅಂಕಿ ಮೂವತ್ತನ್ನು ಮುಟ್ಟದೆ ಹದಿನೆಂಟು ದಿನ ಕಳೆಯಿತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನಮ್ಮವರು ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಅತ್ತ ಹೋದದ್ದೇ ತಡ, ಮಲ್ಲೇಶ್ವರದಿಂದ ಅತ್ತೆಯ ನಾದಿನಿ ಬಂದರು. ಎಪ್ಪತ್ತು ದಾಟಿದವರು. ಎಳೇ ಮಗುವಿಗೆ ನೀರು ಹಾಕುವುದರಲ್ಲಿ ಎತ್ತಿದ ಕೈ. ಪ್ರೀತಿಯಿಂದಲೇ ಬಂದಿದ್ದರು, ಅದರಲ್ಲಿ ಎರಡು ಮಾತಿಲ್ಲ. ತಾಯಿಗೂ ಮಗುವಿಗೂ ಎಣ್ಣೆನೀರು ಹಾಕಿ ಕೋಣೆಗೆ ಕರೆತಂದವರು ಕಿಟಕಿಗಳನ್ನು ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಹಸೀ ಬಾಣಂತಿ ಕೋಣೆ ಹೀಗೆ ಹಾರು ಹೊಡೆದಿದೀರಲ್ಲೇ! ಗಾಳಿ ಹೊಕ್ಕರೆ ಜೀವಮಾನ ಪೂರ್ತಿ ಅನುಭವಿಸ್ಬೇಕು."

ಕಿಟಕಿ ಹಾಕಿದರು. ಕಿಂಡಿಯ ಹಗ್ಗ ಎಳೆದು ಮೊಳೆಗೆ ಸುತ್ತಿದರು. ಸಾಂಬ್ರಾಣಿಗೆಂದು ಕೆಂಡದ ಬಾಂಡ್ಲಿಯನ್ನು ತೊಟ್ಟಿಲ ಪಕ್ಕಕ್ಕೆ ತಂದಿಟ್ಟು ಬಾಗಿಲು ಮುಂದೆ ಮಾಡಿದರು. ನಾನು ಸೌಟು ಹಿಡಿದುಕೊಂಡು ಅಷ್ಟನ್ನೂ ನೋಡಿದೆ. ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಹಿರಿಯರು, ಮನೆಗೆ ಬಂದವರು, ಎದುರಾಡಬಾರದು ಎಂದು ಸುಮ್ಮನಾದೆ. ಸ್ಟಾಫ್ ರೂಮಿನಲ್ಲಿ ಅಷ್ಟು ಉದ್ದ ಇದ್ದ ನನ್ನ ನಾಲಿಗೆ ಅವತ್ತು ಎಲ್ಲಿ ಹೋಗಿತ್ತೋ.

ಅತ್ತೆ ಬಂದಾಗ ಹತ್ತು ಗಂಟೆ. ಮಗು ಒಂದೇ ಸಮ ಅಳುತ್ತಿತ್ತು. ಅವರು ಚಪ್ಪಲಿ ಕೂಡ ಬಿಡದೆ ನೇರ ಕೋಣೆಗೆ ಹೋದರು. ಸೆರಗಿನಲ್ಲಿ ಹಿಡಿದು ಬಾಂಡ್ಲಿಯನ್ನು ಎತ್ತಿ ಹಿತ್ತಲಿಗೆ ತಂದು ಸುರಿದರು. ವಾಪಸ್ಸು ಹೋಗಿ ಕಿಂಡಿಯ ಹಗ್ಗ ಬಿಚ್ಚಿದರು. ಮಗುವನ್ನು ಎತ್ತಿ ತಂದು ಹಾಲ್‌ನಲ್ಲಿ ಬರೀ ಒಂದು ಪಂಚೆಯ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರು. ಮಗುವಿನ ಎದೆ, ಕತ್ತು ಕೆಂಪಗಾಗಿತ್ತು. ಬೆವರಿನಲ್ಲಿ ತೊಯ್ದಿದ್ದ ಮಗಳು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು.

"ಅತ್ತಿಗೇ, ಬಾಣಂತಿಗೆ ಗಾಳಿ..." ಎಂದು ನಾದಿನಿ ಬಾಯಿ ತೆರೆದರು.

"ಅವತ್ತೂ ನಿಮ್ಮನೇಲಿ ಇದನ್ನೇ ಅಂದ್ರು!"

ಅತ್ತೆಯ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾದಿನಿ ಕಣ್ಣೊರೆಸಿಕೊಂಡು, ಊಟಕ್ಕೂ ನಿಲ್ಲದೆ ಹೊರಟರು. ಮಗು ಹಾಲು ಕುಡಿದು ಸಮಾಧಾನವಾಗಿ ಮಲಗಿತು. ಸಂಜೆಯ ಹೊತ್ತಿಗೆ ಕೆಂಪು ಇಳಿಯಿತು.

ಆದರೆ ಕೋಣೆ ಇಳಿಯಲಿಲ್ಲ. ಹೊರಗಿನ ಗಾಳಿ ಅಷ್ಟರಲ್ಲಿ ಕಾದಿತ್ತು, ಕಿಟಕಿ ತೆಗೆಯುವ ಹಾಗಿರಲಿಲ್ಲ. "ಬೆಳಗಿನ ತಂಪು ಹೋಯ್ತು. ಅದು ಇನ್ನು ನಾಳೇನೇ" ಎಂದು ಅತ್ತೆ ಥರ್ಮಾಮೀಟರಿನ ಎದುರು ಸ್ಟೂಲು ಹಾಕಿಕೊಂಡು ಕೂತರು. ಊಟಕ್ಕೆ ಕರೆದರೂ ಬರಲಿಲ್ಲ. ಮಗಳು ನಾಲ್ಕು ಗಂಟೆಗೆ ಬ್ಯಾಗು ತೆಗೆದು ಮಗುವಿನ ಬಟ್ಟೆ ತುಂಬತೊಡಗಿದಳು.

"ಅಮ್ಮ, ನಾನು ಹೋಗ್ತೀನಿ. ನೀನು ನೋಡ್ಕೊಂಡು ಸುಮ್ನಿದ್ಯಲ್ಲ."

ಅವಳು ಹೇಳಿದ್ದು ನಿಜ.

ಅಳಿಯ ಆರು ಗಂಟೆಗೆ ಬಂದರು. ಬ್ಯಾಗು ನೋಡಿದರು, ನಮ್ಮ ಮುಖ ನೋಡಿದರು. ಗುಂಡಿಯ ಕಡೆ ಕೈ ಹೋಯಿತು.

"ಒತ್ತು. ಮೂವತ್ನಾಲ್ಕು ತೋರ್ಸತ್ತೆ" ಎಂದರು ಅತ್ತೆ, ಸ್ಟೂಲಿನಿಂದ ಏಳದೆ. "ತಪ್ಪು ನಂದೇ. ನಾನು ಮನೆ ಬಿಟ್ಟು ಹೋಗಬಾರದಿತ್ತು. ಮಾತು ಕೊಟ್ಟಿದೀನಿ, ಕರ್ಕೊಂಡು ಹೋಗು."

ಅವರು ಒತ್ತಿದರು. ಮೂವತ್ತನಾಲ್ಕು. ಮಗಳು ಕೇಳಿದಳು, "ಅಜ್ಜಿ, ಬೆಳಿಗ್ಗೆ 'ಅವತ್ತೂ' ಅಂದ್ಯಲ್ಲ, ಯಾವತ್ತು?"

ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡರು. ಆಮೇಲೆ, ಅಂಗಡಿಗೆ ಹೋಗಿ ಬಂದದ್ದನ್ನು ಹೇಳುವ ಹಾಗೆ ಹೇಳಿದರು.

"ನಿಮ್ಮಪ್ಪ ಹುಟ್ಟೋಕೆ ಮುಂಚೆ ಒಂದು ಹೆಣ್ಣು ಮಗು ಇತ್ತು. ನಂಗೆ ತಾಯಿ ಇರ್ಲಿಲ್ಲ, ತವರೂ ಇರ್ಲಿಲ್ಲ. ಬಾಣಂತನ ಇಲ್ಲೇ ಮಾಡಿದ್ರು, ಈ ಕೋಣೇಲೇ. ಮೇ ತಿಂಗಳು. ಕಿಟಕಿ ಹಾಕಿ, ಕಿಂಡಿಗೆ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡ ಇಟ್ಟಿದ್ರು. ಯಾರೂ ಕೆಟ್ಟದ್ದಕ್ಕೆ ಮಾಡ್ಲಿಲ್ಲ, ನಮ್ಮತ್ತೆ ನನ್ನ ಚೆನ್ನಾಗೇ ನೋಡ್ಕೊಂಡ್ರು. ಮಗು ಮೈ ಕಾದು ಕೆಂಡ ಆಯ್ತು. ಕಿಟಕಿ ತೆಗೀರಿ ಅನ್ನೋಕೆ ನಂಗೆ ಧೈರ್ಯ ಬರ್ಲಿಲ್ಲ. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕ್ಬೇಕಿತ್ತು. ಹತ್ತನೇ ದಿನ ಹೋಗ್ಬಿಡ್ತು. ಮಾರನೇ ದಿನ ನಾಲ್ಕೂವರೆಗೆ ಎದ್ದು ಮನೆ ಕಿಟಕಿ ಎಲ್ಲಾ ತೆಗೆದೆ. ಯಾರೂ ಏನೂ ಅನ್ಲಿಲ್ಲ."

ನಾನು ಕತ್ತೆತ್ತಿ ಕಿಂಡಿ ನೋಡಿದೆ. ಪಾರಿವಾಳದ ನೆಪ ಹೇಳಿ ಗಾಜು ಕೂರಿಸಿದ್ದವಳು ನಾನು. ಅವರು ಮೈಸೂರಿಂದ ಬಂದು ಇಲ್ಲೇ ನಿಂತು ಅಷ್ಟು ಹೊತ್ತು ನೋಡಿದ್ದು, ಏನೂ ಅನ್ನದೆ ಹೋದದ್ದು ನೆನಪಾಯಿತು. ಈ ಹೆಂಗಸಿನ ಮೂವತ್ತು ವರ್ಷದ ಬೆಳಗಿನ ಜಾವಗಳನ್ನು ನಾನು ಜೋಕು ಮಾಡಿ ಹಂಚಿದ್ದೆ.

ಅತ್ತೆ ಥರ್ಮಾಮೀಟರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಪಾಠ ಮಾಡಿದೀಯಲ್ಲ. ಇದು ಅವತ್ತು ಇದ್ದಿದ್ರೆ ಎಷ್ಟು ತೋರ್ಸ್ತಿತ್ತು?"

ಮೇ ತಿಂಗಳ ಬಿಸಿಲು, ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ. ಲೆಕ್ಕ ಹಾಕುವುದು ನನಗೆ ಕಷ್ಟವಿರಲಿಲ್ಲ. ಅಳಿಯನಿಗೂ ಕಷ್ಟವಿರಲಿಲ್ಲ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

ಮಗಳು ಎದ್ದಳು. ಮಗುವನ್ನು ತಂದು ಅಜ್ಜಿಯ ಮಡಿಲಲ್ಲಿ ಮಲಗಿಸಿದಳು.

"ಅಜ್ಜಿ, ಇದನ್ನ ಹಿಡ್ಕೋ. ಆರೂವರೆ ಆಯ್ತು."

ಹಿಂದಿನ ಕೋಣೆಯಿಂದ ಶುರುಮಾಡಿ ಹನ್ನೊಂದು ಕಿಟಕಿಗಳನ್ನೂ ಅವಳೇ ತೆಗೆದಳು. ಅಳಿಯ ಬ್ಯಾಗನ್ನು ಕಪಾಟಿನಲ್ಲಿಟ್ಟು ಬಂದು, ಟೇಬಲ್ ಫ್ಯಾನನ್ನು ಕಿಟಕಿಗೆ ತಂದು, ಹಿತ್ತಲ ಕಡೆ ಮುಖ ಮಾಡಿ ಹಚ್ಚಿದರು.